ನೋವಿನ ತೂಬು

ಹಳೆಯ ನೂಲಿನ ಸೀರೆಯನ್ನು ಉದ್ದಕ್ಕೆ ಮಡಿಸಿ, ಬಾಣಂತಿಯ ಸೊಂಟದಿಂದ ಮೇಲಕ್ಕೆ ಸುತ್ತುಸುತ್ತಾಗಿ ಬಿಗಿದು, ತುದಿಯನ್ನು ಒಳಕ್ಕೆ ಸಿಕ್ಕಿಸುವ ಕೆಲಸವನ್ನು ನಮ್ಮ ಕಡೆಯ ಅಜ್ಜಿಯರು ಕಣ್ಣು ಮುಚ್ಚಿಕೊಂಡು ಮಾಡಬಲ್ಲರು. ಯಾಕೆ ಎಂದು ಕೇಳಿದರೆ, ‘ಹೊಟ್ಟೆ ಜೋಲು ಬೀಳಬಾರದು ಕಣವ್ವ, ವಾಯು ತುಂಬಬಾರದು’ ಎನ್ನುತ್ತಾರೆ. ಸಿಸೇರಿಯನ್ ಆದವಳಿಗೂ ಕಟ್ಟಬಹುದೇ, ಹೊಲಿಗೆ ಬಿಚ್ಚಿಕೊಂಡರೆ ಗತಿಯೇನು ಎಂದು ಮೊಮ್ಮಗಳು ಹೆದರುತ್ತಾಳೆ. ಕಟ್ಟಿಸಿಕೊಂಡ ಮೇಲೆ, ‘ಈಗ ಪರವಾಗಿಲ್ಲ, ಎದ್ದು ಕೂರಬಹುದು’ ಎನ್ನುವವಳೂ ಅವಳೇ.

2021ರಲ್ಲಿ ಯುರೋಪಿನ ಅರಿವಳಿಕೆ ತಜ್ಞರ ‘ಪ್ರಾಸ್ಪೆಕ್ಟ್’ ತಂಡ ಸಿಸೇರಿಯನ್ ನಂತರದ ನೋವಿಗೆ ಏನೇನು ಮಾಡಬೇಕೆಂಬ ಶಿಫಾರಸುಗಳನ್ನು ಪ್ರಕಟಿಸಿತು. ಅದರಲ್ಲಿ ಪ್ಯಾರಾಸಿಟಮಾಲ್ ಇತ್ತು, ಬೆನ್ನಿಗೆ ಕೊಡುವ ಮಾರ್ಫೀನ್ ಇತ್ತು. ಅವುಗಳ ಜೊತೆಗೇ ಹೊಟ್ಟೆಗೆ ಬಿಗಿಯುವ ಅಗಲವಾದ ಪಟ್ಟಿಯೂ ಇತ್ತು. ವೆಲ್ಕ್ರೋ ಅಂಟಿಸಿದ ಈ ಬೆಲ್ಟನ್ನು ಮೆಡಿಕಲ್ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಅಜ್ಜಿಯ ಸೀರೆಗೆ ಅದು ಹತ್ತಿರದ ನೆಂಟ.

ಬೆಲ್ಟು ಗಾಯವನ್ನು ಮಾಯಿಸುವುದಿಲ್ಲ. ಅದರಲ್ಲಿ ಔಷಧಿಯ ಲವಲೇಶವೂ ಇಲ್ಲ. ಕಟ್ಟುವ ಮೊದಲು ಎಷ್ಟು ಕೊಯ್ದಿತ್ತೋ ಕಟ್ಟಿದ ಮೇಲೂ ಅಷ್ಟೇ ಕೊಯ್ದಿರುತ್ತದೆ. ಹಾಗಿದ್ದ ಮೇಲೆ ನೋವು ಕಡಿಮೆಯಾದದ್ದು ಹೇಗೆ?

ಈ ಪ್ರಶ್ನೆ ಸಣ್ಣದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ. 31.5ರಷ್ಟು ಹೆರಿಗೆಗಳು ಸಿಸೇರಿಯನ್. ಇಡೀ ದೇಶದ ಲೆಕ್ಕದಲ್ಲಿ ಅದು ಶೇ. 21.5. ಹೊಟ್ಟೆ ಕೊಯ್ಯಿಸಿಕೊಂಡ ಬೇರೆ ಯಾವ ರೋಗಿಯನ್ನೂ ಮರುದಿನವೇ ಎರಡು ಗಂಟೆಗೊಮ್ಮೆ ಎಬ್ಬಿಸಿ, ಇನ್ನೊಂದು ಜೀವವನ್ನು ಎತ್ತಿಕೋ, ಹಾಲೂಡಿಸು ಎಂದು ಯಾರೂ ಹೇಳುವುದಿಲ್ಲ. ಬಾಣಂತಿಗೆ ಮಾತ್ರ ಹೇಳುತ್ತಾರೆ.

ಒಂದೇ ಗಾಯ, ನಾಲ್ಕು ನೋವು

ಸಿಸೇರಿಯನ್‌ನಲ್ಲಿ ಹೊಟ್ಟೆಯ ಮಾಂಸಖಂಡವನ್ನೇ ಅಡ್ಡಡ್ಡ ಕತ್ತರಿಸುತ್ತಾರೆ ಎಂದು ಬಹಳ ಜನ ತಿಳಿದಿದ್ದಾರೆ. ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಕಿಬ್ಬೊಟ್ಟೆಯ ಕೆಳಗೆ ಅಡ್ಡಲಾಗಿ ಚರ್ಮ, ಅದರಡಿಯ ಕೊಬ್ಬು, ಅದರಡಿಯ ಗಟ್ಟಿ ಪೊರೆ ಇಷ್ಟನ್ನು ಸೀಳುತ್ತಾರೆ. ಆಮೇಲೆ ಸಿಗುವ ಎರಡು ಉದ್ದನೆಯ ಸ್ನಾಯುಗಳನ್ನು ಪರದೆ ಸರಿಸಿದಂತೆ ಎಡಕ್ಕೂ ಬಲಕ್ಕೂ ಸರಿಸುತ್ತಾರೆ. ಅದರ ಹಿಂದೆ ಹೊಟ್ಟೆಯ ಒಳಪೊರೆ, ಕೊನೆಗೆ ಗರ್ಭಕೋಶ.

ಔಷಧಿಯಿಲ್ಲದೆ ನೋವು ಕಡಿಮೆ ಮಾಡುವ ಮೊದಲ ಅವಕಾಶ ಇರುವುದು ಇಲ್ಲೇ, ಆಪರೇಷನ್ ಟೇಬಲ್ಲಿನ ಮೇಲೆ. ಜೋಯೆಲ್-ಕೋಹೆನ್ ಎಂಬ ಹೆಸರಿನ ವಿಧಾನದಲ್ಲಿ ಚರ್ಮದ ಕೆಳಗಿನ ಪದರಗಳನ್ನು ಚೂರಿಯಿಂದ ಆದಷ್ಟು ಕಡಿಮೆ ಕೊಯ್ದು, ಬೆರಳುಗಳಿಂದ ಹಿಗ್ಗಿಸಿ ಬಿಡಿಸುತ್ತಾರೆ. ರಕ್ತನಾಳಗಳಿಗೂ ನರಗಳಿಗೂ ಬಾಗುವ, ಜಾರಿಕೊಳ್ಳುವ ಗುಣವಿದೆ. ಬೆರಳು ತಾಗಿದರೆ ಅವು ಪಕ್ಕಕ್ಕೆ ಸರಿಯುತ್ತವೆ, ಚೂರಿ ತಾಗಿದರೆ ತುಂಡಾಗುತ್ತವೆ. ಒಳಪೊರೆಯನ್ನು ಹೊಲಿಯದೆ ಬಿಟ್ಟರೆ ಅದು ತಾನೇ ಕೂಡಿಕೊಳ್ಳುತ್ತದೆ. ಪ್ರಾಸ್ಪೆಕ್ಟ್ ತಂಡ ಈ ಎರಡನ್ನೂ ಶಿಫಾರಸು ಮಾಡಿದೆ.

ಹೊರಬಂದವಳನ್ನು ಎಲ್ಲಿ ನೋವು ಎಂದು ಕೇಳುವ ಬದಲು ಎಂಥ ನೋವು ಎಂದು ಕೇಳಬೇಕು. ಕನ್ನಡದ ಹೆಂಗಸರ ಬಾಯಲ್ಲಿ ಇದಕ್ಕೆ ಬೇರೆಬೇರೆ ಮಾತುಗಳಿವೆ. ಚರ್ಮದ ಗಾಯ ‘ಉರಿ’ಯುತ್ತದೆ. ಮಗ್ಗುಲು ಬದಲಿಸಿದಾಗ, ಕೆಮ್ಮಿದಾಗ ಒಳಗಿನ ಹೊಲಿಗೆ ‘ಜಗ್ಗು’ತ್ತದೆ. ಮಗುವಿಗೆ ಹಾಲೂಡಿಸುವಾಗ ಕಿಬ್ಬೊಟ್ಟೆ ‘ಹಿಂಡಿ’ದಂತಾಗುತ್ತದೆ: ಮಗು ಚೀಪಿದಾಗ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಎಂಬ ರಸ ಒಸರುತ್ತದೆ, ಹಾಲನ್ನು ಹೊರದೂಡುವ ಆ ರಸವೇ ಗರ್ಭಕೋಶವನ್ನೂ ಮುದುಡಿಸುತ್ತದೆ. ಎರಡನೆಯ, ಮೂರನೆಯ ಹೆರಿಗೆಯವರಿಗೆ ಈ ಹಿಂಡು ಜಾಸ್ತಿ. ನಾಲ್ಕನೆಯದು ‘ವಾಯು’. ಅಜ್ಜಿ ಹೇಳಿದ್ದು ಅದನ್ನೇ.

ಹುಟ್ಟುವ ಜಾಗ ಬೇರೆಯಾದ್ದರಿಂದ ಒಂದಕ್ಕೆ ನಾಟುವ ಉಪಾಯ ಇನ್ನೊಂದಕ್ಕೆ ನಾಟುವುದಿಲ್ಲ. ನಾಲ್ಕೂ ಮಿದುಳಿಗೆ ಹೋಗುವುದು ಮಾತ್ರ ಒಂದೇ ದಾರಿಯಲ್ಲಿ, ಬೆನ್ನುಹುರಿಯ ಮೂಲಕ.

ಕೆರೆ, ತೂಬು, ನೀರುಗಂಟಿ

ಗಾಯದಿಂದ ಹೊರಟ ಸುದ್ದಿ ಕರೆಗಂಟೆಯ ತಂತಿಯಂತೆ ನೇರ ಮಿದುಳಿಗೆ ತಲುಪುತ್ತದೆ, ಎಷ್ಟು ಗಾಯವೋ ಅಷ್ಟು ನೋವು ಎಂದು ವೈದ್ಯಲೋಕ ಶತಮಾನಗಳ ಕಾಲ ನಂಬಿತ್ತು. 1965ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಲೇಖನ ಆ ತಂತಿಯನ್ನು ಕಡಿಯಿತು. ಬರೆದವರು ಕೆನಡಾದ ಮನೋವಿಜ್ಞಾನಿ ರೊನಾಲ್ಡ್ ಮೆಲ್ಜಾಕ್ ಮತ್ತು ಇಂಗ್ಲೆಂಡಿನ ನರವಿಜ್ಞಾನಿ ಪ್ಯಾಟ್ರಿಕ್ ವಾಲ್. ನೋವಿನ ದಾರಿಯಲ್ಲಿ, ಬೆನ್ನುಹುರಿಯೊಳಗೇ, ಒಂದು ಬಾಗಿಲಿದೆ ಎಂದರು ಅವರು. ನಮ್ಮ ಸೀಮೆಯವರಿಗೆ ಬಾಗಿಲಿಗಿಂತ ಕೆರೆಯ ತೂಬು ಇನ್ನೂ ಚೆನ್ನಾಗಿ ಹೊಂದುತ್ತದೆ.

ಹಳೇ ಮೈಸೂರು ಕಡೆಯ ಕೆರೆಗಳಲ್ಲಿ ಏರಿಯ ಬುಡಕ್ಕೆ ತೂಬು ಇರುತ್ತಿತ್ತು, ಅದನ್ನು ಎತ್ತಿ ಇಳಿಸುವ ಹೊಣೆ ನೀರುಗಂಟಿಯದು. ಮಳೆ ಎಷ್ಟೇ ಹೊಯ್ಯಲಿ, ಗದ್ದೆಗೆ ಹರಿಯುವ ನೀರು ಅವನು ತೂಬನ್ನು ಎಷ್ಟು ಎತ್ತಿದ್ದಾನೆ ಎಂಬುದರ ಮೇಲೆ ನಿಂತಿದೆ. ಗಾಯ ಮಳೆಯಿದ್ದ ಹಾಗೆ, ಬೆನ್ನುಹುರಿ ಕೆರೆಯಿದ್ದ ಹಾಗೆ, ಮಿದುಳು ಗದ್ದೆ. ಬೆನ್ನುಹುರಿಯ ಹಿಂಭಾಗದಲ್ಲಿ ಕುಳಿತ ಪುಟ್ಟ ನರಕೋಶಗಳು ನೀರುಗಂಟಿಗಳು.

ಇವರ ಬಳಿಗೆ ಎರಡು ಬಗೆಯ ನರದ ಎಳೆಗಳು ಬರುತ್ತವೆ. ಸ್ಪರ್ಶ, ಒತ್ತಡ, ಉಜ್ಜುವಿಕೆಗಳನ್ನು ತರುವ ಎಳೆಗಳು ದಪ್ಪ. ಸೆಕೆಂಡಿಗೆ 35ರಿಂದ 75 ಮೀಟರ್ ಓಡುತ್ತವೆ. ಉರಿ, ಹಿಂಡು, ಮಂದ ನೋವುಗಳನ್ನು ತರುವ ಎಳೆಗಳು ತೀರಾ ತೆಳು. ಅವುಗಳ ವೇಗ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮೀಟರ್, ಮನುಷ್ಯ ಸಾವಕಾಶವಾಗಿ ನಡೆದ ಹಾಗೆ. ದಪ್ಪ ಎಳೆಯ ಸುದ್ದಿ ಬಂದಾಗ ನೀರುಗಂಟಿ ಎಚ್ಚರವಾಗಿ ತೂಬನ್ನು ಇಳಿಸುತ್ತಾನೆ. ತೆಳು ಎಳೆಯ ಸುದ್ದಿ ಮಾತ್ರ ಬರುತ್ತಿದ್ದರೆ ತೂಬು ತೆರೆದೇ ಇರುತ್ತದೆ. ಹೊಸ್ತಿಲು ಎಡವಿದವರು ಯೋಚಿಸದೆ ಹೆಬ್ಬೆರಳನ್ನು ಹಿಡಿದು ಉಜ್ಜಿಕೊಳ್ಳುವುದು ಇದಕ್ಕೇ. ಉಜ್ಜಿದರೆ ಪೆಟ್ಟು ಮಾಯುವುದಿಲ್ಲ, ತೂಬು ಇಳಿಯುತ್ತದೆ.

ಮೆಲ್ಜಾಕ್ ಮತ್ತು ವಾಲ್ ಬರೆದ ನಕ್ಷೆಯ ಕೆಲವು ಎಳೆಗಳನ್ನು ಮುಂದಿನ ಸಂಶೋಧಕರು ತಿದ್ದಿದ್ದಾರೆ. ನೋವು ಬೆನ್ನುಹುರಿಯಲ್ಲೇ ಹೆಚ್ಚುಕಡಿಮೆಯಾಗುತ್ತದೆ ಎಂಬ ಮೂಲ ಮಾತು ಇಂದಿಗೂ ನಿಂತಿದೆ.

ಈಗ ಸೀರೆಗೆ ಬರೋಣ. ಸಿಸೇರಿಯನ್ ಆದವಳು ಎದ್ದಾಗ ಹೊಟ್ಟೆಯ ಭಾರವೆಲ್ಲ ಕೆಳಗೂ ಮುಂದಕ್ಕೂ ಬಾಗಿ ಹೊಲಿಗೆಯನ್ನು ಜಗ್ಗುತ್ತದೆ. ಸುತ್ತಿದ ಬಟ್ಟೆ ಆ ಭಾರವನ್ನು ತಾನು ಹೊರುತ್ತದೆ, ಅಂದರೆ ಕೆರೆಗೆ ಬರುವ ನೀರೇ ಕಡಿಮೆಯಾಗುತ್ತದೆ. ಜೊತೆಗೆ ಹೊಟ್ಟೆ, ಪಕ್ಕೆ, ಸೊಂಟದ ಚರ್ಮಕ್ಕೆಲ್ಲ ಎಡೆಬಿಡದೆ ಒತ್ತಡ ಸಿಗುತ್ತದೆ. ದಪ್ಪ ಎಳೆಗಳು ಸುದ್ದಿ ಕಳಿಸುತ್ತವೆ. ಹೊಟ್ಟೆ ಚಪ್ಪಟೆಯಾಗುತ್ತದೆ ಎಂಬ ಮಾತಿಗೆ ಗಟ್ಟಿ ಪುರಾವೆ ಇಲ್ಲ. ಅಜ್ಜಿ ಕೊಟ್ಟ ಕಾರಣ ಪೂರ್ತಿ ಸರಿಯಲ್ಲ, ಕೊಟ್ಟ ಆರೈಕೆ ಸರಿ. ಆದರೆ ಬಿಗಿ ಅತಿಯಾದರೆ ಉಸಿರು ಮೇಲುಮೇಲೆ ಆಗುತ್ತದೆ, ಹೊಲಿಗೆಯ ಜಾಗ ಬೆವರಿ ತೇವವಾಗುತ್ತದೆ. ಆಳವಾಗಿ ಉಸಿರೆಳೆದುಕೊಳ್ಳಲು ಆಗಬೇಕು, ಮಲಗುವಾಗ ಬಿಚ್ಚಬೇಕು, ಬಟ್ಟೆ ಒಗೆದು ಬಿಸಿಲಿಗೆ ಹಾಕಿದ್ದಾಗಿರಬೇಕು.

ವಿದ್ಯುತ್ತಿನ ಉಜ್ಜು

ವಾಲ್‌ಗೆ ತಮ್ಮ ಸಿದ್ಧಾಂತವನ್ನು ಪರೀಕ್ಷಿಸುವ ತವಕವಿತ್ತು. ದಪ್ಪ ಎಳೆಗಳನ್ನು ಕೈಯಿಂದ ಉಜ್ಜುವ ಬದಲು ಅಳತೆಯ ವಿದ್ಯುತ್ತಿನಿಂದ ತಟ್ಟಿದರೆ? ಅವರೂ ಅಮೆರಿಕದ ನರಶಸ್ತ್ರವೈದ್ಯ ವಿಲಿಯಂ ಸ್ವೀಟ್ ಅವರೂ ಮೊದಲು ತಮ್ಮ ತಮ್ಮ ಕಣ್ಣಿನ ಕೆಳಗಿನ ನರಕ್ಕೇ ಸೂಜಿ ಚುಚ್ಚಿಕೊಂಡು ವಿದ್ಯುತ್ ಹರಿಸಿಕೊಂಡರು. ಮುಖದ ಆ ಭಾಗದಲ್ಲಿ ಚುಚ್ಚಿದರೂ ನೋಯಲಿಲ್ಲ. ನಂತರ ವರ್ಷಗಟ್ಟಲೆ ನೋವು ತಿಂದ ರೋಗಿಗಳಲ್ಲಿ ಪರೀಕ್ಷಿಸಿ 1967ರಲ್ಲಿ ಫಲಿತಾಂಶ ಪ್ರಕಟಿಸಿದರು. ಇಂದು ಫಿಸಿಯೊಥೆರಪಿ ಕೋಣೆಗಳಲ್ಲಿ ಕಾಣುವ ‘ಟೆನ್ಸ್’ ಎಂಬ ಕೈಯಗಲದ ಯಂತ್ರ ಆ ಪ್ರಯೋಗದ ಸಂತಾನ. ಸೂಜಿಯ ಬದಲು ಚರ್ಮಕ್ಕೆ ಅಂಟಿಸುವ ಪಟ್ಟಿಗಳಿವೆ, ಅಷ್ಟೆ. (ಇದಕ್ಕೂ ಪೂರ್ವಜರಿದ್ದಾರೆ: ಒಂದನೇ ಶತಮಾನದ ರೋಮನ್ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ತಲೆನೋವಿಗೆ ವಿದ್ಯುತ್ ಹೊಮ್ಮಿಸುವ ಮೀನನ್ನು ತಲೆಯ ಮೇಲಿಡಲು ಬರೆದಿಟ್ಟಿದ್ದಾನೆ.)

ಸಿಸೇರಿಯನ್ ಗಾಯದ ಮೇಲೂ ಕೆಳಗೂ ಪಟ್ಟಿ ಅಂಟಿಸಿ, ಹಿತವಾಗಿ ಜುಮುಜುಮು ಎನ್ನುವಷ್ಟು ವಿದ್ಯುತ್ ಹರಿಸಿದರೆ ಏನಾಗುತ್ತದೆ? 1986ರಲ್ಲಿ ‘ಪೇನ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನ ಈ ಅಧ್ಯಾಯದ ಪಾಲಿಗೆ ದೊಡ್ಡ ಸಾಕ್ಷಿ. ಕೆಲವು ತಾಯಂದಿರಿಗೆ ನಿಜವಾದ ಟೆನ್ಸ್, ಕೆಲವರಿಗೆ ವಿದ್ಯುತ್ ಹರಿಯದ ತೋರಿಕೆಯ ಟೆನ್ಸ್ ಹಾಕಿದರು. ಎಷ್ಟು ನೋವು ಎಂದು ಮಾತ್ರ ಕೇಳದೆ, ಎಂಥ ನೋವು ಎಂದೂ ಬಿಡಿಸಿ ಕೇಳಿದರು. ಅಲುಗಾಡಿದಾಗ ಚರ್ಮದ ಗಾಯದಿಂದ ಏಳುವ ನೋವು ನಿಜವಾದ ಟೆನ್ಸ್‌ನವರಲ್ಲಿ ಗಮನಕ್ಕೆ ಬರುವಷ್ಟು ಕಡಿಮೆಯಾಗಿತ್ತು. ಗರ್ಭಕೋಶದ ಹಿಂಡು ಕಡಿಮೆಯಾಗಿರಲಿಲ್ಲ. ವಾಯುವಿನ ನೋವೂ ಕಡಿಮೆಯಾಗಿರಲಿಲ್ಲ.

ಸೋಲಿನಂತೆ ಕಾಣುವ ಈ ಅರ್ಧ ಫಲಿತಾಂಶವೇ ತೂಬಿನ ಕಥೆಯನ್ನು ಗಟ್ಟಿ ಮಾಡುತ್ತದೆ. ಚರ್ಮದ ತುಂಬ ಸ್ಪರ್ಶದ ದಪ್ಪ ಎಳೆಗಳಿವೆ, ಅವನ್ನು ತಟ್ಟಿ ನೀರುಗಂಟಿಯನ್ನು ಎಬ್ಬಿಸಬಹುದು. ಕರುಳು, ಗರ್ಭಕೋಶಗಳಿಂದ ಹೊರಡುವ ಎಳೆಗಳು ಬಹುಪಾಲು ತೆಳುವಾದವು. ಅಲ್ಲಿ ಉಜ್ಜಲು ಏನೂ ಇಲ್ಲ. ಟೆನ್ಸ್ ಹಾಕಿದರೂ ಹೊಟ್ಟೆ ಹಿಂಡುತ್ತದೆ ಎನ್ನುವ ಬಾಣಂತಿ ನಾಟಕವಾಡುತ್ತಿಲ್ಲ, ತನ್ನ ನರಗಳ ಅಂಗರಚನೆಯನ್ನು ಕರಾರುವಾಕ್ಕಾಗಿ ಹೇಳುತ್ತಿದ್ದಾಳೆ. ಹಾಲೂಡಿಸುವ ಹೊತ್ತಿನ ಆ ಹಿಂಡಿಗೆ, ಸ್ವಲ್ಪ ಮೊದಲೇ ಮೂತ್ರ ಮಾಡಿ ಬರುವುದು ನೆರವಾಗುತ್ತದೆ; ತುಂಬಿದ ಮೂತ್ರಕೋಶ ಮುದುಡುವ ಗರ್ಭಕೋಶಕ್ಕೆ ಅಡ್ಡ ಬರುತ್ತದೆ.

ಹೆಗಲಿಗೆ ಬಂದ ಹೊಟ್ಟೆ ನೋವು

ಎರಡನೆಯ ದಿನ ಕೆಲವರು ವಿಚಿತ್ರವಾದ ದೂರು ಹೇಳುತ್ತಾರೆ: ಎದ್ದು ಕೂತರೆ ಹೆಗಲು ನೋಯುತ್ತದೆ. ಆಪರೇಷನ್ ಆಗಿದ್ದು ಹೊಟ್ಟೆಗೆ, ಹೆಗಲನ್ನು ಯಾರೂ ಮುಟ್ಟಿಲ್ಲ. ಮಲಗಿಸಿದ್ದು ಸರಿಯಿಲ್ಲ, ತಣ್ಣೀರು ತಾಗಿದೆ, ದೃಷ್ಟಿಯಾಗಿದೆ ಎಂದು ಮನೆಯವರು ಕಾರಣ ಹುಡುಕುತ್ತಾರೆ.

ಹೊಟ್ಟೆ ತೆರೆದಾಗ ಒಳಗೆ ಗಾಳಿ ಸೇರಿರುತ್ತದೆ. ಎದ್ದು ಕೂತಾಗ ಅದು ಮೇಲೇರಿ, ಹೊಟ್ಟೆಗೂ ಎದೆಗೂ ನಡುವಿನ ವಪೆಯ ಅಡಿಗೆ ಹೋಗಿ ನಿಲ್ಲುತ್ತದೆ. ವಪೆಯ ನರ ಹೊರಡುವುದು ಕುತ್ತಿಗೆಯಿಂದ. ಹೆಗಲಿನ ಚರ್ಮದ ನರವೂ ಬೆನ್ನುಹುರಿಯ ಅದೇ ಅಂತಸ್ತಿಗೆ ಬರುತ್ತದೆ. ಎರಡು ಕಾಲುವೆಗಳ ನೀರು ಒಂದೇ ತೂಬಿನಲ್ಲಿ ಹಾಯ್ದರೆ ಯಾವುದು ಯಾವ ಕಾಲುವೆಯದು ಎಂದು ಗದ್ದೆಗೆ ತಿಳಿಯುವುದಿಲ್ಲ. ಜೀವಮಾನವಿಡೀ ಆ ದಾರಿಯಿಂದ ಹೆಗಲಿನ ಸುದ್ದಿಯನ್ನೇ ಕೇಳಿದ ಮಿದುಳು ಇದನ್ನೂ ಹೆಗಲಿನ ಲೆಕ್ಕಕ್ಕೆ ಬರೆಯುತ್ತದೆ. ಕೆಲವು ದಿನಗಳಲ್ಲಿ ಆ ಗಾಳಿ ರಕ್ತದಲ್ಲಿ ಕರಗಿ ಹೋಗುತ್ತದೆ. ಜೊತೆಗೆ ಏದುಸಿರು ಅಥವಾ ಎದೆನೋವು ಇದ್ದರೆ ಮಾತ್ರ ಕಾಯಬಾರದು, ಕೂಡಲೇ ಡಾಕ್ಟರಿಗೆ ಹೇಳಬೇಕು.

ಕರುಳಿನೊಳಗಿನ ವಾಯುವಿನದು ಬೇರೆ ಕಥೆ. ಹೊಟ್ಟೆಯೊಳಗೆ ಕೈಯಾಡಿಸಿದ ಮೇಲೆ ಕರುಳು ಸ್ವಲ್ಪ ಕಾಲ ಮುಷ್ಕರ ಹೂಡಿದಂತೆ ಸುಮ್ಮನಾಗುತ್ತದೆ. ಒಳಗಿನ ಗಾಳಿ ಮುಂದೆ ಸಾಗದೆ ಹೊಟ್ಟೆ ಉಬ್ಬುತ್ತದೆ. ಕರುಳನ್ನು ಎಬ್ಬಿಸಲು ಇರುವ ಒಂದು ಸುಲಭ ದಾರಿ ಚ್ಯೂಯಿಂಗ್ ಗಮ್. ಬಾಯಿ ಅಗಿಯತೊಡಗಿದರೆ ಮಿದುಳು ಊಟ ಬರುತ್ತಿದೆ ಎಂದು ತಿಳಿದು, ಕುತ್ತಿಗೆಯನ್ನು ಹಾಯ್ದು ಹೊಟ್ಟೆಯವರೆಗೆ ಇಳಿಯುವ ವೇಗಸ್ ನರದ ಮೂಲಕ ಕರುಳಿಗೆ ಹೇಳಿಕಳಿಸುತ್ತದೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗುವ ಕಾಕ್ರೇನ್ ಸಂಸ್ಥೆಯ 2016ರ ಪರಿಶೀಲನೆ 17 ಅಧ್ಯಯನಗಳ, ಮೂರು ಸಾವಿರಕ್ಕೂ ಹೆಚ್ಚು ತಾಯಂದಿರ ಲೆಕ್ಕ ಕೂಡಿಸಿ ನೋಡಿದಾಗ, ಗಮ್ ಅಗಿದವರಿಗೆ ಮೊದಲ ವಾಯು ಸುಮಾರು ಏಳು ಗಂಟೆ ಬೇಗ ಹೋಗಿತ್ತು. ಹೊಟ್ಟೆ ಉಬ್ಬರಿಸಿ ಮಲಗಿದವಳಿಗೆ ಏಳು ಗಂಟೆ ಎಂದರೆ ಒಂದು ಇಡೀ ರಾತ್ರಿ.

ಬಾಣಂತಿಗೆ ಊಟವಾದ ಮೇಲೆ ಎಲೆ ಅಡಿಕೆ ಕೊಡುವ ಪದ್ಧತಿ ಹಲವು ಮನೆಗಳಲ್ಲಿದೆ. ಅಗಿತ ಎಂಬ ಮಟ್ಟಿಗೆ ಎರಡೂ ಒಂದೇ. ಆದರೆ ಅಡಿಕೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ. ಅದರ ಜಾಗಕ್ಕೆ ಸಕ್ಕರೆಯಿಲ್ಲದ ಗಮ್ ಬಂದರೆ ನಷ್ಟವೇನಿಲ್ಲ. ಇದಕ್ಕಿಂತ ಕೆಟ್ಟದ್ದು, ಬಾಣಂತಿಗೆ ನೀರು ಹೆಚ್ಚು ಕೊಡಬಾರದು ಎಂಬ ನಿಯಮ. ನೀರಿಲ್ಲದೆ ಮಲ ಗಟ್ಟಿಯಾಗುತ್ತದೆ, ಮುಕ್ಕಿದರೆ ಹೊಲಿಗೆ ಜಗ್ಗುತ್ತದೆ, ಹೆದರಿ ತಡೆಹಿಡಿದರೆ ಇನ್ನೂ ಗಟ್ಟಿಯಾಗುತ್ತದೆ. ಹಾಲೂಡಿಸುವವಳ ಬಾಯಾರಿಕೆಯನ್ನು ಕಟ್ಟಿಹಾಕುವ ಈ ರೂಢಿಯನ್ನು ಬಿಟ್ಟೇಬಿಡಬೇಕು.

ನಡೆದಾಟವೂ ಕರುಳನ್ನು ಎಬ್ಬಿಸುತ್ತದೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ತಗ್ಗಿಸುವುದು ಅದರ ಇನ್ನೂ ದೊಡ್ಡ ಲಾಭ. ಬೆನ್ನಿನ ಅರಿವಳಿಕೆ ಇಳಿದು ಕಾಲಿಗೆ ಶಕ್ತಿ ಬಂದ ಮೇಲೆ, ಪಕ್ಕದಲ್ಲಿ ಒಬ್ಬರ ಆಸರೆಯಿಟ್ಟುಕೊಂಡು, ಮೊದಲು ಮಂಚದಿಂದ ಬಾಗಿಲವರೆಗೆ.

ಮೇಲಿನಿಂದ ಬರುವ ಅಪ್ಪಣೆ

ನೀರುಗಂಟಿ ಕಾಲುವೆಯ ಕಡೆ ಮಾತ್ರ ನೋಡುವುದಿಲ್ಲ, ಊರ ಹಿರಿಯರ ಮಾತನ್ನೂ ಕೇಳುತ್ತಾನೆ. ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ನರಗಳಿವೆ. ಅವು ತೂಬನ್ನು ಇಳಿಸಬಲ್ಲವು, ಎತ್ತಿಸಲೂ ಬಲ್ಲವು.

ಎರಡನೇ ಮಹಾಯುದ್ಧದ ಕಾಲದಲ್ಲಿ ಇಟಲಿಯ ರಣರಂಗದಲ್ಲಿದ್ದ ಅಮೆರಿಕದ ವೈದ್ಯ ಹೆನ್ರಿ ಬೀಚರ್ ಇದನ್ನು ಕಣ್ಣಾರೆ ಕಂಡರು. ತೀವ್ರವಾಗಿ ಗಾಯಗೊಂಡ ಸೈನಿಕರಲ್ಲಿ ಸುಮಾರು ಮುಕ್ಕಾಲು ಪಾಲು ಜನ ನೋವಿನ ಔಷಧಿ ಬೇಡ ಎಂದಿದ್ದರು. ಅವರ ನರಗಳೇನೂ ಸತ್ತಿರಲಿಲ್ಲ. ಆ ಗಾಯಕ್ಕೆ ಅವರ ಪಾಲಿಗೆ ಒಂದು ಅರ್ಥವಿತ್ತು: ಯುದ್ಧ ಮುಗಿಯಿತು, ಇನ್ನು ಮನೆಗೆ. 1978ರಲ್ಲಿ ಅಮೆರಿಕದ ಸಂಶೋಧಕರು ಹಲ್ಲು ಕೀಳಿಸಿಕೊಂಡವರಿಗೆ ಔಷಧಿಯ ಹೆಸರಿನಲ್ಲಿ ಬರೀ ಉಪ್ಪುನೀರಿನಂಥದ್ದನ್ನು ಕೊಟ್ಟರು. ಕೆಲವರ ನೋವು ಇಳಿಯಿತು. ಅಂಥವರಿಗೆ ಮಾರ್ಫೀನ್‌ನ ಪರಿಣಾಮವನ್ನು ತಡೆಯುವ ನಲೋಕ್ಸೋನ್ ಕೊಟ್ಟಾಗ ನೋವು ಮತ್ತೆ ಏರಿತು. ಅಂದರೆ ನಂಬಿಕೆಯಿಂದ ಬಂದ ಆ ಉಪಶಮನ ಭ್ರಮೆಯಲ್ಲ. ಮಿದುಳು ತನ್ನದೇ ಮಾರ್ಫೀನ್ ತಯಾರಿಸಿ ತೂಬಿಗೆ ಕಳಿಸಿತ್ತು.

ಹಾಗಾದರೆ ಅಪ್ಪಣೆ ಉಲ್ಟಾ ಆದಾಗ? ನಡುರಾತ್ರಿ, ‘ಮಗುವಿನ ಎದೆಬಡಿತ ಇಳಿಯುತ್ತಿದೆ’ ಎಂಬ ಒಂದೇ ಮಾತು ಕೇಳಿ ಟೇಬಲ್ಲಿನ ಮೇಲೆ ಮಲಗಿದವಳಿಗೆ ಮುಂದೇನು ಎಂದು ಯಾರೂ ಹೇಳಿರುವುದಿಲ್ಲ. ಎಚ್ಚರವಾದ ಮೇಲೆ ಪ್ರತಿ ಸೆಳೆತವೂ ಅವಳಿಗೆ ಅಪಾಯದ ಸೂಚನೆ. ಹೆದರಿದ ಮಿದುಳು ತೂಬನ್ನು ಪೂರಾ ತೆರೆಸಿ ಕಾಯುತ್ತದೆ. ನೋಡಲು ಬಂದವರು, ‘ನಿನಗೇನಮ್ಮ, ಸುಲಭದಲ್ಲಿ ತೆಗೆದುಬಿಟ್ಟರು’ ಎನ್ನುತ್ತಾರೆ. ಹೊಟ್ಟೆಯನ್ನು ಪದರಪದರವಾಗಿ ಬಿಡಿಸಿ ಹೊಲಿಸಿಕೊಂಡವಳಿಗೆ ಆಡುವ ಈ ಮಾತು ಮನಸ್ಸಿಗಷ್ಟೇ ಅಲ್ಲ, ಮೈಗೂ ಕೆಟ್ಟದ್ದು.

‘ಕೆಮ್ಮಿದರೆ ಜಗ್ಗುತ್ತದೆ, ಹೊಲಿಗೆ ಬಿಚ್ಚುವುದಿಲ್ಲ, ಮೊದಲ ಎರಡು ದಿನ ಕಷ್ಟ, ಆಮೇಲೆ ಇಳಿಯುತ್ತದೆ’ ಎಂದು ಆಪರೇಷನ್‌ಗೆ ಮುಂಚೆ ಹೇಳುವ ನರ್ಸಮ್ಮ ಒಂದು ಚಿಕಿತ್ಸೆಯನ್ನೇ ಕೊಡುತ್ತಿದ್ದಾಳೆ. ಎದೆಯ ಮೇಲೆ ಬರಿಮೈಯಲ್ಲಿ ಮಲಗಿಸಿದ ಮಗು ಇನ್ನೊಂದು. ಸಂಗೀತದ ಬಗ್ಗೆ 2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಎಪ್ಪತ್ತಕ್ಕೂ ಹೆಚ್ಚು ಪ್ರಯೋಗಗಳ ಲೆಕ್ಕ ಕೂಡಿಸಿದ ವರದಿಯನ್ನು ಪ್ರಕಟಿಸಿತು: ನಾನಾ ಬಗೆಯ ಆಪರೇಷನ್‌ಗಳ ನಂತರ ಸಂಗೀತ ಕೇಳಿದವರಿಗೆ ನೋವೂ ಆತಂಕವೂ ಕಡಿಮೆ ಇದ್ದವು. ಜೋಗುಳವಾದರೂ ಸರಿ, ಸಿನಿಮಾ ಹಾಡಾದರೂ ಸರಿ.

ತಂಗಿ ಬಂದು ಪಾದ ಒತ್ತಿದರೆ ಹಿತವಾಗುವುದೂ ಬಹುಮಟ್ಟಿಗೆ ಈ ದಾರಿಯಲ್ಲೇ. ಪಾದದ ನರಗಳು ಕಿಬ್ಬೊಟ್ಟೆಯ ತೂಬಿಗೆ ಬರುವುದಿಲ್ಲ, ಅವು ಬೆನ್ನುಹುರಿಯ ಇನ್ನೂ ಕೆಳಗಿನ ಅಂತಸ್ತಿಗೆ ಹೋಗುತ್ತವೆ. ನಂಬುವ ಕೈಯೊಂದು ಮುಟ್ಟಿದಾಗ ಇಳಿಯುವ ಭಯವೇ ಅಲ್ಲಿ ಕೆಲಸ ಮಾಡುತ್ತದೆ. ಒಂದೇ ಕಾಲು ಊದಿ, ಮೀನಖಂಡ ನೋಯುತ್ತಿದ್ದರೆ ಮಾತ್ರ ಅದನ್ನು ಒತ್ತಬಾರದು, ತೋರಿಸಬೇಕು.

ಮಾತ್ರೆಯ ಜೊತೆಗೆ

ಈ ಉಪಾಯಗಳಿಗೆ ಇರುವ ಪುರಾವೆ ಒಂದೇ ತೂಕದ್ದಲ್ಲ. ಟೆನ್ಸ್, ಮಾಲೀಸು, ಸಂಗೀತ, ಸುಗಂಧ, ಅಕ್ಯುಪಂಕ್ಚರ್ ಮುಂತಾದವನ್ನು ಸಿಸೇರಿಯನ್ ನೋವಿಗೆ ಬಳಸಿದ 37 ಅಧ್ಯಯನಗಳನ್ನು 2020ರ ಕಾಕ್ರೇನ್ ಪರಿಶೀಲನೆ ಒಟ್ಟಿಗೆ ತೂಗಿತು. ಅವುಗಳಲ್ಲಿ 3,076 ತಾಯಂದಿರಿದ್ದರು. ಕೆಲವು ಉಪಾಯಗಳು ನೋವನ್ನು ತಗ್ಗಿಸಬಹುದು, ಆದರೆ ಸಾಕ್ಷ್ಯ ದುರ್ಬಲ ಎಂಬುದು ಅದರ ತೀರ್ಮಾನ. ಇಂಥ ಅಧ್ಯಯನಗಳ ಕಷ್ಟವೂ ಅರ್ಥವಾಗುವಂಥದ್ದು: ಸುಳ್ಳು ಮಾತ್ರೆ ಕೊಡಬಹುದು, ಸುಳ್ಳು ಮಾಲೀಸು ಮಾಡುವುದು ಹೇಗೆ?

ಹಾಗಾಗಿ ಇವು ಮಾತ್ರೆಯ ಜೊತೆಗೆ, ಮಾತ್ರೆಯ ಬದಲಿಗೆ ಅಲ್ಲ. ಹಾಲಿನಲ್ಲಿ ಮಗುವಿಗೆ ಹೋದೀತು ಎಂದು ಹಲ್ಲು ಕಚ್ಚಿ ನೋವು ತಿನ್ನುವ ತಾಯಂದಿರಿದ್ದಾರೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ಗಳನ್ನು ಡಾಕ್ಟರು ಹೇಳಿದ ಅಳತೆಯಲ್ಲಿ ಹಾಲೂಡಿಸುವವರು ತೆಗೆದುಕೊಳ್ಳಬಹುದು. ಹಾಲಿಗೆ ಸೇರುವ ಪ್ರಮಾಣ ಅತ್ಯಲ್ಪ. ನೋವು ಏರಿದ ಮೇಲೆ ನುಂಗುವುದಕ್ಕಿಂತ ಹೊತ್ತಿಗೆ ಸರಿಯಾಗಿ ನುಂಗುವುದು ಮೇಲು. ಬೆನ್ನಿನ ಅರಿವಳಿಕೆ ಇನ್ನೂ ಇಳಿಯದಿರುವಾಗ ಬಿಸಿನೀರಿನ ಚೀಲ ಇಡಲೇಬಾರದು. ಮರಗಟ್ಟಿದ ಚರ್ಮ ಸುಟ್ಟರೂ ಅವಳಿಗೆ ತಿಳಿಯುವುದಿಲ್ಲ. ಜ್ವರ, ಗಾಯದಿಂದ ಕೀವು, ಕೂತರೆ ಸಿಡಿಯುವ ತಲೆನೋವು, ದಿನದಿನಕ್ಕೆ ಇಳಿಯುವ ಬದಲು ಏರುವ ನೋವು, ಇವು ಸೀರೆ ಕಟ್ಟಿ ಸುಮ್ಮನಾಗುವ ಸಂಗತಿಗಳಲ್ಲ.

ಮೂರನೆಯ ರಾತ್ರಿ, ಎರಡು ಗಂಟೆ

ಮಗು ಅಳುತ್ತದೆ. ಅಂಗಾತ ಮಲಗಿದವಳು ನೇರ ಎದ್ದು ಕೂರಲು ಹೊರಟರೆ ಹೊಟ್ಟೆಯ ಸ್ನಾಯುಗಳೆಲ್ಲ ಒಮ್ಮೆಗೆ ಬಿಗಿದು ಹೊಲಿಗೆಯನ್ನು ಎಳೆಯುತ್ತವೆ. ಬದಲಿಗೆ ಅವಳು ಮೊದಲು ಮಂಡಿ ಮಡಿಸುತ್ತಾಳೆ. ಹೆಗಲು, ಸೊಂಟ, ಮಂಡಿ ಮೂರನ್ನೂ ಒಟ್ಟಿಗೆ ಮರದ ದಿಮ್ಮಿ ಹೊರಳಿದಂತೆ ಪಕ್ಕಕ್ಕೆ ಹೊರಳಿಸುತ್ತಾಳೆ. ಕಾಲುಗಳನ್ನು ಮಂಚದಿಂದ ಇಳಿಬಿಟ್ಟು, ಮೊಣಕೈ ಊರಿ, ತೋಳಿನ ಬಲದಿಂದ ಏಳುತ್ತಾಳೆ. ಕೆಮ್ಮು ಬರುವಂತಾದಾಗ ಪಕ್ಕದ ದಿಂಬನ್ನು ಗಾಯದ ಮೇಲೆ ಒತ್ತಿ ಹಿಡಿಯುತ್ತಾಳೆ. ಅಜ್ಜಿ ನಿದ್ದೆಗಣ್ಣಲ್ಲೇ ಎದ್ದು ಸೀರೆ ಸುತ್ತುತ್ತಾಳೆ, ‘ಉಸಿರು ಎಳಕೋ, ಬಿಗಿಯಾಯ್ತಾ?’ ಎಂದು ಕೇಳಿ ಒಂದು ಸುತ್ತು ಸಡಿಲಿಸುತ್ತಾಳೆ. ಬಾಣಂತಿ ಮಗುವನ್ನು ಎತ್ತಿ ಹೊಟ್ಟೆಯ ಮೇಲೆ ಅಡ್ಡಲಾಗಿ ಇಡದೆ, ಪಕ್ಕದ ದಿಂಬಿನ ಮೇಲೆ ಕಂಕುಳ ಕೆಳಗೆ ಕಾಲು ಬರುವಂತೆ ಮಲಗಿಸಿ ಬಾಯಿಗೆ ಮೊಲೆ ಕೊಡುತ್ತಾಳೆ. ಮಗು ಚೀಪುತ್ತದೆ, ಕಿಬ್ಬೊಟ್ಟೆ ಹಿಂಡುತ್ತದೆ. ಗರ್ಭಕೋಶ ಮುದುಡುತ್ತಿದೆ ಎಂದು ಅವಳಿಗೆ ಗೊತ್ತು. ಉದ್ದಕ್ಕೆ ಉಸಿರು ಬಿಡುತ್ತ, ಆ ಹಿಂಡು ಇಳಿಯುವವರೆಗೆ ಮಗುವಿನ ನೆತ್ತಿ ಸವರುತ್ತ ಕೂರುತ್ತಾಳೆ.